ಗೋವಿನಜೋಳದ ಸುತ್ತ ಲಾವಂಚ ಹಚ್ಚಿದರ ಕಾಂಡ ಕೊರಿಯೋ ಹುಳ ಕಡಿಮಿ ಆಗ್ತಾವೇನ್ರಿ?

ಮಸಾರಿ ಹೊಲ, ರಟ್ಟೀಹಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ಐದು ಎಕರೆ ಮಸಾರಿ ಹೊಲ, ಮಳಿ ಮ್ಯಾಲೇ ಬೆಳಿ. ಮುಂಗಾರಿಗೆ ಗೋವಿನಜೋಳ, ನಡುವ ತೊಗರಿ ಅಕ್ಕಡಿ. ಮಳಿ ಚಲೋ ಆತಂದ್ರ ಹಿಂಗಾರಿಗೆ ಬಿಳಿಜೋಳ. ಬಿತ್ತಿ ಮೂರು ವಾರ ಆಗೂದರಾಗ ಸುಳಿ ಒಣಗಾಕ ಹತ್ತತಾವ, ಎಲಿ ತುಂಬ ತೂತು. ಔಷಧ ಅಂಗಡ್ಯಾಗ ಕೇಳಿದ್ರ ಒಂದೊಂದ ಸಲ ಒಂದೊಂದ ಬಾಟ್ಲಿ ಕೊಡ್ತಾರ, ಯಾವ ಹುಳಕ್ಕ ಅಂತ ಮಾತ್ರ ಹೇಳಂಗಿಲ್ಲ.

ಹೊಲದ ಸುತ್ತ ಲಾವಂಚದ ಬೇಲಿ ಇದ್ರ ಪತಂಗ ಬೆಳಿ ಬಿಟ್ಟು ಅದರ ಮ್ಯಾಲ ಮೊಟ್ಟಿ ಇಡ್ತಾವ, ಮರಿ ಅಲ್ಲೇ ಸಾಯ್ತಾವ ಅಂತ ಓದಿದೆ. ಇದು ಖರೇನ ಏನ್ರಿ? ಖರೇ ಇದ್ರ ಎಷ್ಟು ಸಸಿ ಬೇಕು, ಎಷ್ಟು ಅಂತರಕ್ಕ ಹಚ್ಚಬೇಕು, ಬದುವಿನ ಮ್ಯಾಲೋ ಬದುವಿನ ಬುಡಕೋ? ಬೆಳಿಗೆ ಹಾಕಿದ ಗೊಬ್ಬರ ಅದ ಹೀರಿಕೊಂಡ್ರ ಏನ್ ಮಾಡೂದು? ತಿಳಿದವರು ಬಿಡಿಸಿ ಹೇಳ್ರಿ.

---

ಕೀಟನೋಟ, ಧಾರವಾಡ

ಬೇಲಿಯ ವಿಚಾರಕ್ಕೆ ಬರುವ ಮೊದಲು ಸುಳಿ ಒಣಗಿದ ಹತ್ತು ಗಿಡ ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಗೋವಿನಜೋಳ, ಬಿಳಿಜೋಳ ಎರಡನ್ನೂ ಹಿಡಿದರೆ ನಮ್ಮ ಭಾಗದಲ್ಲಿ ಸುಳಿ ಕೆಡಿಸುವ ಕೀಟಗಳು ಮುಖ್ಯವಾಗಿ ನಾಲ್ಕು. ಲಾವಂಚದ ಪ್ರಯೋಜನ ಅವುಗಳಲ್ಲಿ ಎರಡಕ್ಕೆ ಮಾತ್ರ.

ಹುಳು ಮಾಸಲು ಬಿಳಿ ಬಣ್ಣದ್ದಾಗಿ, ಬೆನ್ನ ಮೇಲೆ ಕಂದು ಚುಕ್ಕೆಗಳ ಸಾಲು, ಕಂದು ತಲೆ ಇದ್ದರೆ ಅದು ಚುಕ್ಕೆ ಕಾಂಡಕೊರಕ, ಕೈಲೊ ಪಾರ್ಟೆಲಸ್. ಇದರ ಮರಿಗಳು ಸುಳಿಯೊಳಗೆ ಸುತ್ತಿಕೊಂಡಿರುವ ಎಲೆಯನ್ನು ಕೊರೆಯುತ್ತವೆ. ಅದಕ್ಕೇ ಎಲೆ ಬಿಚ್ಚಿಕೊಂಡಾಗ ಸಣ್ಣ ತೂತುಗಳು ಅಡ್ಡಕ್ಕೆ ಒಂದೇ ಸಾಲಿನಲ್ಲಿ ಕಾಣುತ್ತವೆ. ಆಮೇಲೆ ಕಾಂಡದೊಳಗೆ ಇಳಿದು ಬೆಳೆಯುವ ಮೊಗ್ಗನ್ನೇ ಕತ್ತರಿಸುತ್ತವೆ, ಸುಳಿ ಒಣಗುವುದು ಆಗ. ಬೆನ್ನು ಗುಲಾಬಿ ಬಣ್ಣದ್ದಿದ್ದು ಚುಕ್ಕೆ ಇಲ್ಲದಿದ್ದರೆ ಗುಲಾಬಿ ಕಾಂಡಕೊರಕ, ಸೆಸಾಮಿಯಾ ಇನ್‌ಫೆರೆನ್ಸ್. ಇದು ಮೊಟ್ಟೆಯನ್ನು ಎಲೆಯ ಮೇಲೆ ಇಡುವುದಿಲ್ಲ, ಎಲೆಯ ಬುಡದ ಸೆರಗಿಗೂ ಕಾಂಡಕ್ಕೂ ನಡುವೆ ಸಾಲಾಗಿ ತುರುಕುತ್ತದೆ. ಲಾವಂಚದ ಮಾತು ಈ ಎರಡಕ್ಕೆ.

ಎಲೆಯ ತೂತುಗಳು ದೊಡ್ಡವಾಗಿ, ಅಂಚು ಹರಿದಂತಿದ್ದು, ಸುಳಿಯಲ್ಲಿ ಒದ್ದೆ ಹಿಟ್ಟಿನಂಥ ಲದ್ದಿ ತುಂಬಿದ್ದರೆ ಅದು ಲದ್ದಿ ಹುಳು, ಅಂದರೆ ಫಾಲ್ ಸೈನಿಕ ಹುಳು. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡು ಬಳಿಕ ದೇಶವೆಲ್ಲ ಹಬ್ಬಿತು. ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇದಕ್ಕೆ ಲಾವಂಚ ನೆಟ್ಟು ಕಾಯುತ್ತಾ ಕುಳಿತರೆ ಬೆಳೆ ಹೋಗುತ್ತದೆ. ಇನ್ನು ಹಿಂಗಾರಿ ಜೋಳದಲ್ಲಿ ಎಲೆಗೆ ತೂತೇ ಇಲ್ಲದೆ ಸುಳಿ ಒಣಗಿದ್ದರೆ, ಎಳೆದಾಗ ಸಲೀಸಾಗಿ ಕೈಗೆ ಬಂದು ಕೊಳೆತ ವಾಸನೆ ಬಂದರೆ, ಅದು ಸುಳಿ ನೊಣದ ಕೆಲಸ. ಮೊಳಕೆಯೊಡೆದ ಮೊದಲ ನಾಲ್ಕು ವಾರದಲ್ಲೇ ಬರುತ್ತದೆ. ಅದಕ್ಕೆ ಬೀಜೋಪಚಾರ, ಹದ ತಪ್ಪದ ಬಿತ್ತಿಗೆ, ಸ್ವಲ್ಪ ಹೆಚ್ಚು ಬೀಜ. ಬೇಲಿ ಏನೂ ಮಾಡುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಓದಿದ್ದು ನಿಜವೇ. ದಕ್ಷಿಣ ಆಫ್ರಿಕಾದ ನಾರ್ತ್-ವೆಸ್ಟ್ ವಿಶ್ವವಿದ್ಯಾಲಯದ ಜಾನಿ ವಾನ್ ಡೆನ್ ಬರ್ಗ್ ಮತ್ತು ಜೊತೆಗಾರರು ಗೋವಿನಜೋಳ, ಲಾವಂಚ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕೈಲೊ ಪತಂಗ ಲಾವಂಚದ ಮೇಲೆ ಹೆಚ್ಚು ಮೊಟ್ಟೆ ಇಟ್ಟಿತು, ಹುಟ್ಟಿದ ಮರಿಗಳು ಅದರ ಮೇಲೆ ಬದುಕಲಿಲ್ಲ. ಚೀನಾದ ಝೆಜಿಯಾಂಗ್ ಪ್ರಾಂತದಲ್ಲಿ ಭತ್ತದ ಪಟ್ಟೆ ಕಾಂಡಕೊರಕ ಮತ್ತು ಗುಲಾಬಿ ಕಾಂಡಕೊರಕದ ಮೇಲೂ ಇದೇ ಕೆಲಸ ನಡೆದಿದೆ. ಲಾವಂಚ ತಿಂದ ಮರಿಗೆ ಪೋಷಣೆ ಸಾಲದು, ಜೊತೆಗೆ ವಿಷ ಜೀರ್ಣಿಸಿಕೊಳ್ಳುವ ಅದರ ಕಿಣ್ವಗಳ ಶಕ್ತಿಯೂ ಕುಗ್ಗುತ್ತದೆ ಎಂದು ಅಲ್ಲಿನವರು ತೋರಿಸಿದ್ದಾರೆ.

ಆದರೆ ಒಂದು ಎಚ್ಚರ. ಪತಂಗ ಯಾವುದನ್ನು ಆರಿಸುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ದೊಡ್ಡ ಹೊಲದಲ್ಲಿ ಎಕರೆಗೆ ಇಷ್ಟು ಕ್ವಿಂಟಲ್ ಹೆಚ್ಚು ಬರುತ್ತದೆ ಎನ್ನುವುದಕ್ಕೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಲಾವಂಚ ಪತಂಗವನ್ನು ತಡೆಯುವುದಿಲ್ಲ, ಒಂದಿಷ್ಟನ್ನು ತನ್ನತ್ತ ಸೆಳೆಯುತ್ತದೆ. ಉಳಿದವು ನಿಮ್ಮ ಬೆಳೆಗೆ ಬಂದೇ ಬರುತ್ತವೆ. ಮಣ್ಣು ಹಿಡಿಯಲು ಬದುವಿಗೆ ಹುಲ್ಲು ಹೇಗೂ ಬೇಕಾಗಿದ್ದರೆ ಲಾವಂಚವೇ ಇರಲಿ, ಕೀಟದ ಲಾಭವೂ ಸಿಗುತ್ತದೆ. ಬರೀ ಕೀಟಕ್ಕೆಂದೇ ಸಾಲ ಮಾಡಿ ನೆಡುವ ಬೆಳೆಯಲ್ಲ ಇದು.

---

ಒಡ್ಡು ಬದು, ಮುಂಡರಗಿ

ಹಚ್ಚೂದರ ಬಗ್ಗೆ ನಾ ಹೇಳ್ತೀನ್ರಿ. ಕೀಟದ ಲೆಕ್ಕ ಮ್ಯಾಲಿನವರು ಸರಿಯಾಗಿ ಹೇಳ್ಯಾರ.

ಮೊದಲ ಸಸಿ ಆರಿಸೂದು. ಹಳ್ಳದ ದಂಡ್ಯಾಗ ತಾನ ಬೆಳದ ಲಾವಂಚ ಕಿತ್ತು ತರಬ್ಯಾಡ್ರಿ. ಅದರಾಗ ಬೀಜ ಕಟ್ಟೂ ಜಾತಿನೂ ಇರ್ತಾವ, ಹೊಲ ತುಂಬ ಕಳಿ ಆಗ್ತದ. ದಕ್ಷಿಣದ ಕಡೆ ಬೆಳಸೂ ಜಾತಿ ಹೂ ಬಿಟ್ರೂ ಮೊಳಿಯೋ ಬೀಜ ಕಟ್ಟಂಗಿಲ್ಲ, ಬರೇ ಬುಡದಿಂದ ಒಡಿತದ. ಗುಂಡ್ಲುಪೇಟಿ ಕಡೆ ಹೊಲದ ಗಡಿಗೆ ಇದನ್ನ ತಲಿಮಾರಿನಿಂದ ಹಚ್ಕೊಂಡು ಬಂದಾರ, ಯಾರ ಹೊಲಕೂ ಅದು ನುಗ್ಗಿಲ್ಲ. ಎಣ್ಣಿ ತಗಿಯಾಕ ಬೆಳಸೂ ನರ್ಸರಿ ಸಸಿನೂ ನಡಿತಾವ, ಬೀಜ ಕಟ್ಟೂದಲ್ಲ ಅಂತ ಕೇಳಿ ತಗೊಳ್ರಿ. ಆದ್ರ ಒಮ್ಮಿ ಬೇಲಿ ಅಂತ ಹಚ್ಚಿದ ಮ್ಯಾಲ ಬೇರಿಗೆ ರೇಟ್ ಬಂದೈತಿ ಅಂತ ಅಗಿಯಾಕ ಹೋಗಬ್ಯಾಡ್ರಿ. ಬೇರು ಅಗದ್ರ ಬೇಲಿನೂ ಹೋತು, ಬದುವೂ ಹೋತು.

ಲೆಕ್ಕ ಹಿಂಗ. ಚೌಕ ಹೊಲ ಅಂತ ಹಿಡದ್ರ ಒಂದು ಎಕರೆ ಸುತ್ತಳತಿ ಸುಮಾರು 254 ಮೀಟರ್. ಸಸಿಯಿಂದ ಸಸಿಗೆ ಅರ್ಧ ಫೂಟು, ಅಂದ್ರ 15 ಸೆಂಟಿಮೀಟರ್ ಇಟ್ರ ಹತ್ತಿರ ಹತ್ತಿರ 1,700 ಸಸಿ. ನಿಮ್ಮ ಐದು ಎಕರೆಗೆ ಸುತ್ತಳತಿ ಐದು ಪಟ್ಟು ಆಗಂಗಿಲ್ಲ, ಚೌಕ ಇದ್ರ 570 ಮೀಟರ್ ಆಸುಪಾಸು, 3,800 ಸಸಿ. ಉದ್ದನ ಪಟ್ಟಿ ಹೊಲ ಆದ್ರ ಇದಕಿಂತ ಜಾಸ್ತಿ. ಅಷ್ಟೂ ರೊಕ್ಕ ಕೊಟ್ಟು ತರೂದು ಬ್ಯಾಡ. ಬೋರ್ ನೀರು ಸಿಗೂ ಕಡೆ, ಇಲ್ಲಾ ಮನಿ ಹಿತ್ತಲದಾಗ, ಮಡಿ ಮಾಡಿ 250 ತಾಯಿ ಸಸಿ ಒಂದೂವರಿ ಫೂಟಿಗೆ ಒಂದರಂಗ ಹಚ್ರಿ. ಅರ್ಧ ಗುಂಟೆ ಜಾಗಾ ಸಾಕು. ಎರಡು ತಿಂಗಳಿಗೊಮ್ಮೆ ಮೊಳಕಾಲೆತ್ತರಕ್ಕ ಕೊಯ್ತಾ ಇದ್ರ ಬುಡ ಅಗಲ ಆಗ್ತದ. ಒಂದು ವರ್ಷದ ಚಲೋ ಬುಡ್ಡಿಯಿಂದ ಹದಿನೈದು ಹೋಳು ಬರ್ತಾವ. ಈ ವರ್ಷ ಮಡಿ, ಮುಂದಿನ ಮಳಿಗಾಲಕ್ಕ ಬದುವಿಗೆ.

ಹೋಳು ಮಾಡೂದರಾಗ ಬಾಳ ಮಂದಿ ಕೆಡಸ್ತಾರ. ಒಂದು ಹೋಳಿಗೆ ಎರಡು ಮೂರು ಮರಿ ಇರಬೇಕು, ಒಂಟಿ ಮರಿ ಬಿಸಿಲಿಗೆ ತಾಳಂಗಿಲ್ಲ. ಹೂವಿನ ದಂಟು ಎದ್ದ ಹಳೇ ಮರಿ ತಗದ ಒಗೀರಿ, ಅದು ಮತ್ತ ಚಿಗಿಯಂಗಿಲ್ಲ. ಎಲಿ ಒಂದು ಗೇಣು, ಬೇರು ನಾಲ್ಕು ಬಳ್ಳು ಬಿಟ್ಟು ಉಳದದ್ದು ಕತ್ತರಸ್ರಿ. ಬೇರು ಸಗಣಿ ರಾಡ್ಯಾಗ ಅದ್ದಿ, ಹಸಿ ತಟ್ಟಿನ ಚೀಲದಾಗ ಸುತ್ತಿ ನೆರಳಾಗ ಇಡ್ರಿ, ಎರಡು ದಿನದಾಗ ಹಚ್ಚಿ ಮುಗಸ್ರಿ. ಬುಡ ಅಗದ ದಿನಾ ಟ್ರ್ಯಾಕ್ಟರ್ ಟ್ರಾಲ್ಯಾಗ ಬಿಸಿಲಿಗೆ ಬಿಟ್ರ ಅರ್ಧಕ್ಕರ್ಧ ಅಲ್ಲೇ ಹೋಗ್ತಾವ.

ಮಸಾರಿ ನೆಲಕ್ಕ ಜೂನ್ ಕೊನಿ, ಜುಲೈ ಮೊದಲ ವಾರ. ಎರಡು ದೊಡ್ಡ ಮಳಿ ಆಗಿ ಒಂದು ಗೇಣು ಆಳ ಹಸಿ ಆಗಿರಬೇಕು. ಎರಿ ಹೊಲದವರು ಇನ್ನೊಂಚೂರು ತಡಾ ಮಾಡ್ರಿ, ಬ್ಯಾಸಗಿ ಬಿರುಕು ಪೂರಾ ಕೂಡಿದ ಮ್ಯಾಲ ಹಚ್ರಿ. ಬಿರುಕಿನ ಮ್ಯಾಲ ಹಚ್ಚಿದ ಸಸಿಯ ಬೇರಿಗೆ ಗಾಳಿ ಹೊಕ್ಕು ಒಣಗ್ತದ. ರಂಟಿಯಿಂದ ಒಂದು ಗೀರು ಹೊಡದು, ಕೊಟ್ಟಿಗಿ ಗೊಬ್ಬರ ಉದುರಿಸಿ, ಮೀಟರಿಗೆ ಒಂದು ಸಣ್ಣ ಮುಷ್ಟಿ ಡಿಎಪಿ ಮಣ್ಣಾಗ ಕೂಡಿಸಿ, ಸಸಿ ಇಟ್ಟು ಹಿಮ್ಮಡಿಯಿಂದ ತುಳಿರಿ. ತುಳದ ಮ್ಯಾಲ ಎಲಿ ಹಿಡದ ಎಳದ್ರ ಸಸಿ ಬರಬಾರದು.

ಬದುವಿನ ನೆತ್ತಿ ಮ್ಯಾಲ ಬ್ಯಾಡ, ಅಲ್ಲಿ ಹಸಿ ನಿಲ್ಲಂಗಿಲ್ಲ. ನೀರು ಬಂದು ತಾಕೂ ಮೇಲಿನ ಮಗ್ಗಲದ ಬುಡಕ್ಕ ಹಚ್ರಿ. ಗಡಿ ಬದು ಆದ್ರ ಬಾಂದದ ಕಲ್ಲಿನಿಂದ ಒಂದು ಫೂಟು ನಿಮ್ಮ ಕಡಿ ಹಚ್ಚಿದ್ರ ಮುಂದ ಜಗಳಿಲ್ಲ. ಎತ್ತು, ಟ್ರ್ಯಾಕ್ಟರ್ ಹೊಳ್ಳಾಕ ಹನ್ನೆರಡು ಫೂಟಿನ ದಾರಿ ಎರಡು ಕಡೆ ಬಿಡ್ರಿ.

---

ಮಸಾರಿ ಹೊಲ, ರಟ್ಟೀಹಳ್ಳಿ

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಬೆಳಿಯ ಗೊಬ್ಬರ ಹೀರೂದರ ಬಗ್ಗೆ ಹೇಳಲಿಲ್ಲ. ಇನ್ನೊಂದು, ಗೋವಿನಜೋಳ ಬಿತ್ತಿದ ಮರುದಿನ ಅಟ್ರಾಜಿನ್ ಕಳಿ ಔಷಧ ಹೊಡಿತೀವಿ, ಬದುವಿಗೆ ಹುಲ್ಲು ಬಾಳ ಆದ್ರ ಗ್ಲೈಫೋಸೇಟ್. ಸುಗ್ಗಿ ಮುಗದ ಮ್ಯಾಲ ಕುರಿ ಹಿಂಡು ಬರ್ತಾವ, ಅದಕ್ಕೂ ಏನರ ಹೇಳ್ರಿ.

---

ಒಡ್ಡು ಬದು, ಮುಂಡರಗಿ

ಲಾವಂಚದ ಬೇರು ಅಡ್ಡ ಹರಿಯೂದು ಕಡಿಮಿ, ನೆಟ್ಟಗ ಕೆಳಗ ಇಳಿತದ. ಮೂರು ಮೀಟರ್ ಆಳ ಹೋಗೂದು ಸಾಮಾನ್ಯ. ಮೊದಲ ಸಾಲು ಬೇಲಿಯಿಂದ ಮೂರು ಫೂಟು ದೂರ ಬಿತ್ತಿದ್ರ ಸಾಕು. ಆ ಮೂರು ಫೂಟು ಖಾಲಿ ಬಿಡೂದಕ್ಕ ಕೀಟದ ಕಾರಣನೂ ಒಂದೈತಿ, ಧಾರವಾಡದವರು ಹೇಳ್ತಾರ.

ಅಟ್ರಾಜಿನ್‌ಗೆ ಲಾವಂಚ ಚಲೋ ತಡಕೊಳ್ತದ, ಅದರ ಚಿಂತಿ ಬ್ಯಾಡ. ಗ್ಲೈಫೋಸೇಟ್ ಮಾತ್ರ ಬದುವಿನ ಹತ್ರ ತರಲೇಬ್ಯಾಡ್ರಿ, ಬೇಲಿ ಹಚ್ಚಿದ ಮ್ಯಾಲ ಬದುವಿನ ಹುಲ್ಲು ಕುಡಗೋಲಿನಿಂದನ. ಕುರಿ ಮೊದಲ ವರ್ಷ ಅಪಾಯ, ಎಳೇ ಎಲಿ ಮೇದು ಸಸಿ ಬುಡಸಹಿತ ಕೀಳ್ತಾವ. ಕುರಿ ನಿಲ್ಲಸವರಿಗೆ ಮೊದಲೇ ಹೇಳಿ ಜಾಲಿ ಮುಳ್ಳು ಹಚ್ರಿ. ಎರಡನೇ ವರ್ಷದಿಂದ ಎಲಿ ಅಂಚು ಗರಗಸದಂಗ ಆಗ್ತದ, ಆಮ್ಯಾಲ ತುಳದ್ರೂ ಬುಡ ಉಳಿತದ. ಕಾಳಜಿ ಮಾಡಬೇಕಾದ್ದು ನೆರಳಿನದು. ಬದುವಿನ ಮ್ಯಾಲ ಬೇವು, ಬನ್ನಿ ಇದ್ರ ಆ ನೆರಳಾಗ ಬೇಲಿ ತೆಳ್ಳಗ ಆಗಿ ಬಾಯಿ ಬಿಡ್ತದ. ಟೊಂಗಿ ಸವರ್ರಿ, ಇಲ್ಲಾ ಅಷ್ಟು ಜಾಗಾ ಬಿಟ್ಟಬಿಡ್ರಿ. ಖಾಲಿ ಬಿದ್ದ ಕಡೆ ಮೊದಲ ಮಳಿಗಾಲದಾಗೇ ಸಸಿ ತುಂಬಿಸ್ರಿ. ಎರಡನೇ ವರ್ಷ ನಡುವ ಹಚ್ಚಿದ್ದು ಅಕ್ಕಪಕ್ಕದ ದೊಡ್ಡ ಬುಡದ ನೆರಳಿಗೆ ಮ್ಯಾಲೇ ಏಳಂಗಿಲ್ಲ.

---

ಕೀಟನೋಟ, ಧಾರವಾಡ

ಮೂರು ಅಡಿಯ ಕಾರಣ ಇದು. ಮೊಟ್ಟೆಯೊಡೆದ ಕೈಲೊ ಮರಿ ಹುಟ್ಟಿದಲ್ಲೇ ಕೂರುವುದಿಲ್ಲ. ತಿನ್ನಲು ಹಿಡಿಸದಿದ್ದರೆ ನೂಲು ಬಿಟ್ಟು ಗಾಳಿಗೆ ತೇಲಿ ಪಕ್ಕದ ಗಿಡಕ್ಕೆ ಹಾರುತ್ತದೆ. ಬೇಲಿಯ ಎಲೆ ಗೋವಿನಜೋಳಕ್ಕೆ ತಾಗುವಂತಿದ್ದರೆ ನೀವೇ ಏಣಿ ಹಾಕಿಕೊಟ್ಟಂತೆ. ಮೂರು ಅಡಿ ಬಿಟ್ಟರೂ ಒಂದಷ್ಟು ದಾಟುತ್ತವೆ, ಆದ್ದರಿಂದ ಬೇಲಿ ಪಕ್ಕದ ಎರಡು ಸಾಲುಗಳನ್ನು ಮೂರನೇ ವಾರದಲ್ಲಿ ಬೇರೆಯಾಗಿಯೇ ನೋಡಿ. ಅಲ್ಲಿ ಸುಳಿ ಒಣಗಿದ್ದು ಕಂಡರೆ ಗಿಡ ಕಿತ್ತು ದನಕ್ಕೆ ಹಾಕಿ.

ಕತ್ತರಿಸುವ ಕಾಲ ಬೇಲಿ ಹಚ್ಚುವಷ್ಟೇ ಮುಖ್ಯ. ಪತಂಗಕ್ಕೆ ಬೇಕಾದ್ದು ಹಸಿರಾದ, ಅಗಲವಾದ, ನುಣುಪಾದ ಎಲೆ. ಬೇಸಗೆಯಲ್ಲಿ ಒಣಗಿ ನಿಂತ ಲಾವಂಚದ ಮೇಲೆ ಅದು ಕೂರುವುದಿಲ್ಲ. ಮೇ ಕೊನೆಗೆ, ಮುಂಗಾರಿನ ಮುಂಚೆ, ಒಂದೂವರೆ ಅಡಿ ಬಿಟ್ಟು ಕತ್ತರಿಸಿ. ಮಳೆ ಬಿದ್ದ ಮೂರು ನಾಲ್ಕು ವಾರಕ್ಕೆ ಹೊಸ ಎಲೆ ಬಂದಿರುತ್ತದೆ, ನಿಮ್ಮ ಬೆಳೆಗೆ ಹದಿನೈದು ದಿನವಾಗಿರುತ್ತದೆ. ಎರಡೂ ಕೂಡಿಬರಬೇಕು. ಜುಲೈನಲ್ಲಿ ಬೆಳೆ ನಡುವೆ ಬೇಲಿ ಎತ್ತರವಾಯಿತೆಂದು ಕತ್ತರಿಸಿದರೆ ಮೊಟ್ಟೆ ಇಡುವ ಹೊತ್ತಿಗೆ ಬೇಲಿಯಲ್ಲಿ ಎಲೆಯೇ ಇರುವುದಿಲ್ಲ, ಬಂದ ಪತಂಗವೆಲ್ಲ ಬೆಳೆಗೆ. ಬಿತ್ತಿದ ಎರಡು ತಿಂಗಳವರೆಗೆ ಬೇಲಿಗೆ ಕುಡುಗೋಲು ಹಾಕಬೇಡಿ. ಮೊದಲ ಮಳೆಗೆ ಬೇಲಿಯ ಬುಡಕ್ಕೂ ಚೂರು ಯೂರಿಯಾ ಹಾಕಿದರೆ ಎಲೆ ಹಸಿರಾಗುತ್ತದೆ, ಸೆಳೆತವೂ ಹೆಚ್ಚುತ್ತದೆ.

ಬೇಲಿಗೆ ಔಷಧ ಹೊಡೆಯುವ ಮಾತೇ ಇಲ್ಲ. ಜೇಡ, ಇರುವೆ, ಗುಲಗಂಜಿ ಹುಳುಗಳು ಅದರ ಬುಡದಲ್ಲಿ ಇರುತ್ತವೆ, ಮೊಟ್ಟೆ ಮರಿಗಳನ್ನು ತಿನ್ನುವುದು ಅವೇ.

ಇನ್ನೊಂದು, ದೂರದ ಮಾತು. ಐದು ಎಕರೆ ಚೌಕ ಹೊಲದ ಒಂದು ಮಗ್ಗಲು ಸುಮಾರು 142 ಮೀಟರ್. ನಟ್ಟನಡುವಿನ ಗಿಡ ಬೇಲಿಯಿಂದ 70 ಮೀಟರ್ ದೂರ. ಚೀನಾದ ಭತ್ತದ ಶಿಫಾರಸಿನಲ್ಲಿ ಲಾವಂಚದ ಸಾಲಿನಿಂದ ಸಾಲಿಗೆ 50–60 ಮೀಟರ್ ಮಾತ್ರ. ಅಲ್ಲಿ ಒತ್ತೊತ್ತಾದ ಬೇಲಿ ಇಲ್ಲ, ಬದುವಿನ ಮೇಲೆ 3ರಿಂದ 5 ಮೀಟರಿಗೊಂದು ಬುಡ್ಡೆ. ಆ ಲೆಕ್ಕ ಹಿಡಿದರೆ ನಿಮ್ಮ ಹೊಲದ ಸುತ್ತ ಬೇಲಿ ಇದ್ದರೂ ನಡುಭಾಗಕ್ಕೆ ಅದು ಮುಟ್ಟುವುದಿಲ್ಲ. ಹೊಲದೊಳಗೆ ಇಳಿಜಾರಿಗೆ ಅಡ್ಡಲಾಗಿ ಒಡ್ಡುಗಳಿದ್ದರೆ ಅವುಗಳ ಮೇಲೂ ಒಂದು ಸಾಲು ಹಚ್ಚಿ. ಸಸಿ ಕಡಿಮೆ ಇದ್ದರೆ ನಾಲ್ಕೂ ಗಡಿಗೆ ಹಂಚುವ ಬದಲು ಒಳಗಿನ ಒಡ್ಡುಗಳಿಗೇ ಮೊದಲು ಹಚ್ಚಿ, ಮಣ್ಣೂ ನಿಲ್ಲುತ್ತದೆ.

ಮೊದಲ ವರ್ಷ ಫಲ ಕೇಳಬೇಡಿ. ಗೇಣುದ್ದದ ಸಸಿ ಆಳೆತ್ತರದ ಗೋವಿನಜೋಳದ ಮುಂದೆ ಪತಂಗದ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಮಳೆಗಾಲದಿಂದ ನೋಡಲು ಶುರುಮಾಡಿ. ನೋಡುವುದು ಹೀಗೆ: ಬೆಳೆಗೆ ಮೂರು ವಾರವಾದಾಗ ಬೇಲಿಯಲ್ಲಿ ಹತ್ತು ಕಡೆ ಒಂದೊಂದು ಮೀಟರ್ ಎಲೆ ಮಗುಚಿ ನೋಡಿ. ಕೈಲೊ ಮೊಟ್ಟೆಗಳು ಚಪ್ಪಟೆ, ಕೆನೆಬಣ್ಣ, ಒಂದರ ಮೇಲೊಂದು ಮೀನಿನ ಹುರುಪೆಯಂತೆ ಜೋಡಿಸಿಟ್ಟವು, ಎಲೆಯ ಕೆಳಮೈಯಲ್ಲಿ ನಡುನರದ ಹತ್ತಿರ. ಹೊರಬರುವ ಮುಂಚೆ ಕಪ್ಪು ಚುಕ್ಕೆ ಕಾಣುತ್ತದೆ, ಅದು ಮರಿಯ ತಲೆ. ಬೆಳೆಯಲ್ಲೂ ಇಪ್ಪತ್ತು ಗಿಡದ ಎಲೆ ಹೀಗೇ ನೋಡಿ. ಬೇಲಿಯಲ್ಲಿ ಮೊಟ್ಟೆ ಇದ್ದು, ವಾರ ಬಿಟ್ಟು ಅಲ್ಲಿನ ಕಾಂಡ ಸೀಳಿದಾಗ ಹುಳು ಇಲ್ಲದಿದ್ದರೆ ಬೇಲಿ ಕೆಲಸ ಮಾಡುತ್ತಿದೆ. ಬೇಲಿಯಲ್ಲಿ ಮೊಟ್ಟೆಯೇ ಇಲ್ಲ, ಬೆಳೆಯಲ್ಲಿ ತುಂಬಿದೆ ಎಂದರೆ ಎಲೆ ಒಣಗಿದೆ, ಇಲ್ಲವೇ ಕತ್ತರಿಸಿದ ಹೊತ್ತು ತಪ್ಪಿದೆ.

---

ಗದ್ದೆಬಯಲು, ಹಾನಗಲ್ಲ

ಚೀನಾದಾಗ ಭತ್ತಕ್ಕ ಆಗಿದ್ರ ಹಾನಗಲ್ಲ, ಕಲಘಟಗಿ ಕಡೆ ಭತ್ತಕ್ಕೂ ಲಾವಂಚ ಹಚ್ಚಬಹುದಲ್ರಿ? ನಮ್ಮ ಗದ್ದಿ ಬದುವು ಹೆಂಗೂ ಖಾಲಿ.

---

ಕೀಟನೋಟ, ಧಾರವಾಡ

ಮಣ್ಣು ಹಿಡಿಯಲು ಹಚ್ಚಿ, ಕೀಟಕ್ಕೆಂದು ಬೇಡ. ಅವರ ಭತ್ತದಲ್ಲಿ ಕಾಡುವುದು ಪಟ್ಟೆ ಕಾಂಡಕೊರಕ, ನಮ್ಮ ಭತ್ತದಲ್ಲಿ ಮುಖ್ಯವಾಗಿ ಹಳದಿ ಕಾಂಡಕೊರಕ. ಹಳದಿಯದು ಭತ್ತ ಬಿಟ್ಟು ಬೇರೆ ಬೆಳೆಗೆ ಹೋಗುವುದೇ ಅಪರೂಪ, ಲಾವಂಚ ಅದಕ್ಕೆ ಲೆಕ್ಕಕ್ಕಿಲ್ಲ. ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸಿ, ತುದಿಯ ಹತ್ತಿರ ಇಟ್ಟ ಮೊಟ್ಟೆ ಅದರ ಜೊತೆ ಹೋಗುತ್ತದೆ. ಕತ್ತರಿಸಿದ ತುದಿ ಗದ್ದೆಯಲ್ಲೇ ಚೆಲ್ಲಬೇಡಿ. ಲಾವಂಚದ ಖರ್ಚಿಲ್ಲದೆ ಅದಕ್ಕಿಂತ ಹೆಚ್ಚು ಉಪಯೋಗ.

---

ಬಣವಿ, ಕುಂದಗೋಳ

ಎಲ್ಲಾರೂ ಪತಂಗ ಬಂದ ಮ್ಯಾಲಿನ ಮಾತು ಹೇಳಾಕತ್ತೀರಿ. ಆ ಪತಂಗ ಬರೂದು ಎಲ್ಲಿಂದ? ನಮ್ಮ ಕಣಿಕಿ ಬಣವಿಯಿಂದನ.

ಸುಗ್ಗಿ ಹೊತ್ತಿಗೆ ದಂಟಿನಾಗ ಉಳದ ಹುಳ ಬ್ಯಾಸಗಿ ಪೂರಾ ಅದರೊಳಗ ಮಲಗಿರ್ತದ. ತಿನ್ನಂಗಿಲ್ಲ, ಬೆಳಿಯಂಗಿಲ್ಲ. ಮುಂಗಾರು ಹಸಿ ತಾಕಿದ ಕೂಡ್ಲೆ ಕೋಶ ಆಗಿ ಪತಂಗ ಆಗಿ ಹೊರಗ ಬರ್ತದ. ಆಗ ಹೊಲದಾಗ ಗೋವಿನಜೋಳ ಮೂರ ಎಲಿ, ನಾಕ ಎಲಿ. ಬಣವಿ ಹೊಲದ ಅಂಚಿಗೇ ಇರ್ತದ. ಲಾವಂಚದ ಬೇಲಿ ಎಷ್ಟು ಅಂತ ಹಿಡಿತದ?

ಗೋವಿನಜೋಳ ಕೊಯ್ಯೂವಾಗ ಒಂದು ಫೂಟು ಬುಡ ಬಿಟ್ಟು ಕೊಯ್ಯಬ್ಯಾಡ್ರಿ, ನೆಲಕ್ಕ ತಾಗಿಸಿ ಕೊಯ್ರಿ. ಉಳದ ಕೂಳಿ ರೋಟಾವೇಟರ್ ಹೊಡದು ಪುಡಿ ಮಾಡ್ರಿ, ಇಲ್ಲಾ ಆರಿಸಿ ಒಲಿಗೆ ಹಾಕ್ರಿ. ಮೇವಿನ ಕಣಿಕಿ ಮೇವು ಕತ್ತರಸೂ ಮಷಿನ್ನಿಗೆ ಹಾಕಿ ಬಳ್ಳುದ್ದ ತುಂಡು ಮಾಡಿದ್ರ ಒಳಗಿನ ಹುಳ ಬಹುತೇಕ ಸತ್ತ ಹೋಗ್ತಾವ, ದನಾನೂ ದಂಟು ಒಗಿಯಂಗಿಲ್ಲ. ಬಣವಿ ಮಾಡಲೇಬೇಕಂದ್ರ ಮನಿ ಹತ್ರ ಮಾಡ್ರಿ, ಹೊಲದಾಗ ಬ್ಯಾಡ. ಜೂನ್ ಬರೂದರಾಗ ಹಳೇ ಕಣಿಕಿ ಮುಗದಿರಬೇಕು, ಉಳದದ್ದು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕ್ರಿ. ಬಣವಿ ತಳದಾಗ ಎರಡು ವರ್ಷದ ಕಣಿಕಿ ಹಂಗ ಉಳಿಸೂ ಪದ್ಧತಿ ನಮ್ಮ ಕಡೆ ಬಾಳ ಐತಿ, ಮೊದಲ ಅದನ್ನ ಕೆಡವ್ರಿ. ಇದನ್ನ ಒಬ್ಬ ರೈತ ಮಾಡಿದ್ರ ಪಕ್ಕದ ಹೊಲದ ಪತಂಗ ಬರ್ತಾವ, ಅದೂ ಖರೇನ. ಆದ್ರೂ ನಾಕ ಮಂದಿ ಬದುವಿಗೆ ಕೂಡಿ ಮಾತಾಡಿದ್ರ ಲಾವಂಚದ ಖರ್ಚಿನಾಗ ಅರ್ಧಾ ಬರಂಗಿಲ್ಲ.

---

ಹಸಿ ಮೇವು, ನವಲಗುಂದ

ಲಾವಂಚದ ಬದಲಿ ನೇಪಿಯರ್ ಹಚ್ಚಿದ್ರ ಮೇವೂ ಆಗ್ತದಲ್ರಿ. ಕೆನ್ಯಾದಾಗ ಹೊಲದ ಸುತ್ತ ನೇಪಿಯರ್, ಒಳಗ ಡೆಸ್ಮೋಡಿಯಂ ಅನ್ನೂ ದ್ವಿದಳ ಮೇವಿನ ಸಸಿ ಹಾಕಿ ಕಾಂಡಕೊರಕ ತಡಿತಾರ ಅಂತಾರ. ಲಾವಂಚ ಬಲಿತ ಮ್ಯಾಲ ದನ ಮೂಸೂದಿಲ್ಲ.

---

ಕೀಟನೋಟ, ಧಾರವಾಡ

ಕೆನ್ಯಾದ ಐಸಿಐಪಿಇ ಎಂಬ ಕೀಟ ಸಂಶೋಧನಾ ಸಂಸ್ಥೆಯಲ್ಲಿ ಜೆಯಾವುರ್ ಖಾನ್ ಮತ್ತು ತಂಡದವರು ಬೆಳೆಸಿದ ಪದ್ಧತಿ ಅದು. ತಳ್ಳು-ಸೆಳೆ ಎನ್ನಬಹುದು. ಡೆಸ್ಮೋಡಿಯಂ ಪತಂಗವನ್ನು ಬೆಳೆಯಿಂದ ಹೊರಗೆ ತಳ್ಳುತ್ತದೆ, ಸುತ್ತಲಿನ ನೇಪಿಯರ್ ಸೆಳೆಯುತ್ತದೆ. ನೇಪಿಯರ್ ಕಾಂಡಕ್ಕೆ ಮರಿ ಬಾಯಿ ಹಾಕಿದರೆ ಅಂಟುರಸ ಒಸರಿ ಮರಿ ಸಿಕ್ಕಿಬೀಳುತ್ತದೆ. ಒಳ್ಳೆಯ ಪದ್ಧತಿ, ಹೊಲದಲ್ಲಿ ಪರೀಕ್ಷೆಯಾದದ್ದು ಲಾವಂಚಕ್ಕಿಂತ ಇದೇ ಹೆಚ್ಚು.

ಇಲ್ಲಿಗೆ ತರುವಾಗ ಎರಡು ತೊಡಕು. ಅಲ್ಲಿ ಆರಿಸಿದ್ದು ಆ ಗುಣ ಇರುವ ನೇಪಿಯರ್ ತಳಿಗಳನ್ನು. ನಮ್ಮಲ್ಲಿ ಮೇವಿಗೆ ಹಚ್ಚುವುದು ಬಹುಪಾಲು ಸಜ್ಜೆ-ನೇಪಿಯರ್ ಸಂಕರ, ದಂಟು ಮೆತ್ತಗಿರಲಿ ಎಂದೇ ಮಾಡಿದ್ದು. ಸಜ್ಜೆ ಸ್ವತಃ ಕೈಲೊ ಹುಳುವಿನ ಆಹಾರ. ಹಾಗಾಗಿ ಸಂಕರ ನೇಪಿಯರ್ ಮೇಲೆ ಮರಿ ಸಾಯುತ್ತದೆ ಎಂದು ಹಿಡಿಯಬೇಡಿ, ದಂಟು ಸೀಳಿ ನೋಡಿ ಆಮೇಲೆ ನಂಬಿ. ಎರಡನೆಯದು, ನವಲಗುಂದದಲ್ಲಿ ಕಾಲುವೆ ನೀರು ಸಿಗುವವರಿಗೆ ಸರಿ, ಒಣ ಬೇಸಾಯದ ಬದುವಿನಲ್ಲಿ ನೇಪಿಯರ್ ಬೇಸಗೆ ದಾಟುವುದು ಕಷ್ಟ. ದಾಟಿದರೂ ಆಳೆತ್ತರ ಬೆಳೆದು ಪಕ್ಕದ ಸಾಲುಗಳಿಗೆ ನೆರಳು. ಬದುವಿನ ಹುಲ್ಲನ್ನು ಜೂನ್-ಜುಲೈನಲ್ಲೇ ಮೇವಿಗೆ ಕೊಯ್ಯುತ್ತೀರಿ ಎಂದಾದರೆ ಬಲೆಬೆಳೆಯಾಗಿ ಯಾವ ಹುಲ್ಲೂ ಉಪಯೋಗವಿಲ್ಲ.

---

ಮಸಾರಿ ಹೊಲ, ರಟ್ಟೀಹಳ್ಳಿ

ಹತ್ತು ಗಿಡ ಸೀಳಿ ನೋಡಿದೆ. ಆರರಾಗ ಚುಕ್ಕಿ ಹುಳ, ಮೂರರಾಗ ಸುಳ್ಯಾಗ ಲದ್ದಿ ಮತ್ತ ವೈ ಗುರುತಿನ ಹುಳ, ಒಂದರಾಗ ಏನೂ ಇಲ್ಲ. ಒಂದು ದಂಟಿನಾಗ ಸತ್ತ ಹುಳದ ಮಗ್ಗಲಕ್ಕ ಬಿಳೇ ಹತ್ತಿ ಉಂಡಿಯಂಗ ಸಣ್ಣ ಸಣ್ಣ ಕಾಳು ಇದ್ವು. ಅದು ಏನ್ರಿ? ಈ ವರ್ಷ ಬೆಳಿಗೆ ಏನ್ ಮಾಡ್ಲಿ?

---

ಕೀಟನೋಟ, ಧಾರವಾಡ

ಆ ಬಿಳಿ ಕಾಳು ಕೊಟೇಸಿಯಾ ಎಂಬ ಸಣ್ಣ ಕಣಜದ ಗೂಡುಗಳು. ಹುಳುವಿನೊಳಗೆ ಮೊಟ್ಟೆ ಇಟ್ಟು, ಅದನ್ನು ತಿಂದು ಹೊರಬಂದು ಗೂಡು ಕಟ್ಟಿಕೊಂಡಿದೆ. ಆ ದಂಟನ್ನು ಸುಡಬೇಡಿ, ಹೊಲದಲ್ಲೇ ನೆರಳಿಗೆ ಇಟ್ಟುಬಿಡಿ. ಕೆನ್ಯಾದವರು ಇದೇ ಕುಲದ ಕಣಜವನ್ನು 1993ರಲ್ಲಿ ನಮ್ಮ ಖಂಡದಿಂದ ಒಯ್ದು ಬಿಟ್ಟರು, ನಿಮ್ಮ ಹೊಲದಲ್ಲಿ ಪುಕ್ಕಟೆ ಇದೆ. ಕಂಡ ಕೂಡಲೇ ಹೊಲಕ್ಕೆಲ್ಲ ಔಷಧ ಹೊಡೆದರೆ ಮೊದಲು ಸಾಯುವುದು ಇದು.

ಈ ವರ್ಷಕ್ಕೆ ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ಎಣಿಸಿ. ನೂರಕ್ಕೆ ಹತ್ತಕ್ಕಿಂತ ಕಡಿಮೆ ಸುಳಿ ಒಣಗಿದ್ದರೆ ಆ ಗಿಡ ಕಿತ್ತು ದನಕ್ಕೆ ಹಾಕಿ, ಅಷ್ಟೇ. ಹತ್ತು ದಾಟಿದ್ದರೆ, ಅಥವಾ ಲದ್ದಿ ಹುಳು ಹೆಚ್ಚಾಗುತ್ತಿದ್ದರೆ, ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ. ಲೀಟರಿಗೆ 0.4 ಮಿ.ಲೀ. ಬೆರೆಸಿ ಸಂಜೆ ಹೊತ್ತು ಸುಳಿಯೊಳಗೆ ಇಳಿಯುವಂತೆ ಹೊಡೆಯಿರಿ. ಎಲೆಯ ಮೇಲೆ ಬಿದ್ದದ್ದು ದಂಡ. ಹುಳು ಕಾಂಡದೊಳಗೆ ಇಳಿದ ಮೇಲೆ ಹೊಡೆದದ್ದೂ ದಂಡ. ಸುಳಿ ಒಣಗಿದ ಗಿಡಕ್ಕೆ ಹೊಡೆಯಬೇಡಿ, ಹೊಡೆಯಬೇಕಾದ್ದು ಎಲೆಯಲ್ಲಿ ಸಾಲು ತೂತು ಕಾಣುತ್ತಿರುವ, ಸುಳಿ ಇನ್ನೂ ಹಸಿರಿರುವ ಗಿಡಕ್ಕೆ.

ಮುಂದಿನ ವರ್ಷ ಬೆಳೆ ಮೊಳಕೆಯೊಡೆದ ಹತ್ತು-ಹನ್ನೆರಡನೇ ದಿನಕ್ಕೆ ಟ್ರೈಕೋಗ್ರಾಮ ಕಾರ್ಡು ಎಕರೆಗೆ ಮೂರು. ಟ್ರೈಕೋಗ್ರಾಮ ಎಂದರೆ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಸಣ್ಣ ಕಣಜ, ಅದು ಸೇರಿಕೊಂಡ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿರುತ್ತಾರೆ. ಕಾರ್ಡು ಪಟ್ಟಿಗಳಾಗಿ ಕತ್ತರಿಸಿ, ಸಂಜೆ, ಎಲೆಯ ಕೆಳಮೈಗೆ ಚುಚ್ಚಿ. ವಾರ ಬಿಟ್ಟು ಮತ್ತೊಮ್ಮೆ. ಕಾರ್ಡು ಕಟ್ಟುವ ಮೊದಲೂ ಆಮೇಲೂ ಒಂದು ವಾರ ಔಷಧ ಇರಬಾರದು. ಕಾರ್ಡಿನ ಮೇಲಿರುವ ದಿನಾಂಕ ನೋಡಿ ತೆಗೆದುಕೊಳ್ಳಿ. ಕಣಜ ಆಗಲೇ ಹೊರಬಂದ ಕಾರ್ಡನ್ನು ಮಾರುವವರೂ ಇದ್ದಾರೆ, ಭೂತಗನ್ನಡಿಯಲ್ಲಿ ನೋಡಿದರೆ ಮೊಟ್ಟೆಗಳಿಗೆ ತೂತು ಬಿದ್ದಿರುತ್ತದೆ.

ತೊಗರಿ ಸಾಲು ಹಾಗೇ ಇರಲಿ.

---

ಒಡ್ಡು ಬದು, ಮುಂಡರಗಿ

ತಾಯಿ ಸಸಿ ಬೇಕಾದ್ರ ಈಗಿಂದ ಮಡಿ ಹದಾ ಮಾಡ್ರಿ. ಮಸಾರಿ ಮಣ್ಣಿಗೆ ಗೆದ್ದಲು ಇರ್ತದ, ಮಡಿಗೆ ಹಸಿ ಸಗಣಿ ಹಾಕಬ್ಯಾಡ್ರಿ, ಪೂರಾ ಕಳತ ಗೊಬ್ಬರ ಹಾಕ್ರಿ, ಒಣಗಿದ ಎಲಿ ಬುಡದಾಗ ಬಿಡಬ್ಯಾಡ್ರಿ. ಮಡಿ ಮ್ಯಾಲ ಮರದ ನೆರಳು ಬೀಳದಂಗ ನೋಡಿಕೊಳ್ರಿ.